1.08ರ ಖಾಲಿ ಗೂಡು

ಪಕ್ಕದ ಶೆಡ್ಡಿನ ಹುಡುಗ ಸೋಮವಾರ "ಸಾರ್, ಐದೇ ನಿಮಿಷ" ಎಂದು ಒಯ್ದ, ದವಡೆಗಳ ನಡುವೆ ಹಿಡಿದು ಅಳೆಯುವ ನನ್ನ ವರ್ನಿಯರ್ ಗುರುವಾರ ಸಂಜೆ ಹಿಂದಿರುಗಿತು. ದವಡೆಯ ತುದಿ ಮೊಂಡಾಗಿತ್ತು. ಅದರಿಂದ ತಗಡಿನ ಮೇಲೆ ಗೆರೆ ಎಳೆದಿದ್ದಾನೆಂಬುದನ್ನು ತುದಿಗೆ ಮೆತ್ತಿದ್ದ ನೀಲಿ ಬಣ್ಣವೇ ಹೇಳುತ್ತಿತ್ತು. 'ಪರಹಸ್ತಂ ಗತಂ ಗತಂ' ಎಂದ ಹಿರಿಯರು ಪುಸ್ತಕವನ್ನೂ ಹಣವನ್ನೂ ಹೆಸರಿಸಿ ವರ್ನಿಯರನ್ನು ಬಿಟ್ಟದ್ದು, ಅವರಿಗೆ ಪೀಣ್ಯದಲ್ಲಿ ಶೆಡ್ಡು ಇರಲಿಲ್ಲವೆಂಬ ಒಂದೇ ಕಾರಣಕ್ಕೆ.

ಇಂಥ ಹೊತ್ತಿನಲ್ಲಿ ನಾನು ಬೀರು ತೆರೆದು ಸ್ಲಿಪ್ ಗೇಜ್, ಅಂದರೆ ಕರಾರುವಾಕ್ಕಾದ ದಪ್ಪದ ಉಕ್ಕಿನ ಅಳತೆ ತುಂಡುಗಳ ಪೆಟ್ಟಿಗೆಯನ್ನು ಮುಂದಿಟ್ಟುಕೊಳ್ಳುತ್ತೇನೆ. ಮುಚ್ಚಿಹೋದ ಕಾರ್ಖಾನೆಯೊಂದರ ಹರಾಜಿನಲ್ಲಿ ಕೊಂಡದ್ದು. 87 ತುಂಡುಗಳ ಸೆಟ್ಟು, ಮನೆಗೆ ತಂದು ಎಣಿಸಿದಾಗ 86. ಖಾಲಿ ಗೂಡಿನ ಕೆಳಗೆ 1.08 ಎಂದು ಕೆತ್ತಿತ್ತು. ಅಂದಿನಿಂದ 21.08 ಮಿಲಿಮೀಟರ್ ಬೇಕಾದಾಗಲೆಲ್ಲ, 20ರ ಮೇಲೆ 1.08 ಇಟ್ಟು ಮುಗಿಸುವ ಬದಲು, 1.05, 1.03, 9 ಮತ್ತು 10 ಎಂದು ನಾಲ್ಕು ತುಂಡುಗಳನ್ನು ಒರೆಸಿ, ಅಡ್ಡಡ್ಡಲಾಗಿ ಇಟ್ಟು, ಒತ್ತಿ ತಿರುಗಿಸಿ ಹೊಂದಿಸುತ್ತೇನೆ. ಅಂಟಿಲ್ಲದೆ, ಅಯಸ್ಕಾಂತವಿಲ್ಲದೆ ಉಕ್ಕು ಉಕ್ಕನ್ನು ಕಚ್ಚಿಕೊಳ್ಳುತ್ತದೆ. ಆದರೂ ಒಂದು ಕೂಡಿಕೆಯ ಜಾಗದಲ್ಲಿ ಮೂರು ಕೂಡಿಕೆ. ಅಂಗೈಯ ಶಾಖಕ್ಕೆ ಹಿಗ್ಗಿದ ಉಕ್ಕು ತಣಿಯುವ ತನಕ ಕಾಯಲೂ ಬೇಕು.

1896ರಲ್ಲಿ ಸ್ವೀಡನ್ನಿನ ಯೋಹಾನ್ಸನ್ ಎಂಬ ಬಂದೂಕು ಕಾರ್ಖಾನೆಯ ನೌಕರ, ಪ್ರತಿ ಅಳತೆಗೂ ಒಂದೊಂದು ಗೇಜ್ ಮಾಡುವ ಬದಲು 102 ತುಂಡುಗಳನ್ನೇ ಜೋಡಿಸಿ ಸಾವಿರಾರು ಅಳತೆ ಪಡೆಯಬಹುದೆಂದು ಲೆಕ್ಕ ಹಾಕಿದ. ಮನೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರವನ್ನೇ ಬದಲಾಯಿಸಿಕೊಂಡು ತುಂಡುಗಳನ್ನು ಉಜ್ಜಿ ನುಣುಪು ಮಾಡಿದನಂತೆ. ಆ ಮಹಾತಾಯಿ ಹರಿದ ಬಟ್ಟೆಗೆ ಏನು ಮಾಡಿದಳೋ ತಿಳಿಯದು. ನನ್ನ 1.08 ಏನಾಯಿತೆಂಬುದು ಮಾತ್ರ ಬಲ್ಲೆ: ಯಾವನೋ ಟರ್ನರ್ ಅದನ್ನು ಲೇತಿನ ಟೂಲಿನ ಅಡಿಗೆ, ಎತ್ತರ ಹೊಂದಿಸುವ ಪ್ಯಾಕಿಂಗ್ ಆಗಿ ತುರುಕಿದ್ದಾನೆ. ಮೈಕ್ರೋಮೀಟರನ್ನು ಕ್ಲಾಂಪಿನಂತೆ ಬಿಗಿಯುವವರಿಂದ, ಅತಿಯಾಗಿ ಬಿಗಿಯದಂತೆ ತಡೆಯುವ ಅದರ ರ್ಯಾಚೆಟ್ಟು ಅಲಂಕಾರಕ್ಕಿದೆಯೆಂದು ತಿಳಿದವರಿಂದ ಇನ್ನೇನನ್ನು ನಿರೀಕ್ಷಿಸಲಿ? ಇವರೇ ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ ಕೈಮುಗಿಯುವವರು. ಮರುದಿನ ಆ ಕುಂಕುಮದ ಸಮೇತ ಅಳೆಯುವವರೂ ಇವರೇ.

ಇಂದು ಬೆಳಿಗ್ಗೆ ಅದೇ ಹುಡುಗ ಬಾಗಿಲಲ್ಲಿ ನಿಂತು ಮೈಕ್ರೋಮೀಟರ್ ಕೇಳಿದ. ಬೀರುವಿನ ಬೀಗದಕೈ ಮನೆಯಲ್ಲಿ ಮರೆತುಬಂದಿದ್ದೇನೆ ಎಂದೆ. ಎದ್ದು ನಿಂತಾಗ ಅದು ಜೇಬಿನಲ್ಲಿ ಕಿಣಿಕಿಣಿ ಎಂದದ್ದು ಅವನಿಗೂ ಕೇಳಿಸಿರಬೇಕು.