ಸೊಪ್ಪು ಹಿಂಡಿ ಎಸೆಯುವವರಿಗೆ

ನಾವು ಸೊಪ್ಪು ಬೆಳೆದು ಬದುಕುವವರು ಎಂಬುದು ಇಲ್ಲಿರುವ ನಿಮಗೆಲ್ಲ ಗೊತ್ತು. ಆದ್ದರಿಂದ ನನ್ನ ಹೊಟ್ಟೆಯುರಿಯೂ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ಇವತ್ತು ಚಿಂತಾಮಣಿಯಲ್ಲಿರುವ ನಾದಿನಿಯ ಮನೆಯಲ್ಲಿ ಎರಡು ಕಟ್ಟು ಪಾಲಕ್, ಒಂದು ಕಟ್ಟು ಕೊತ್ತಂಬರಿ, ಅರ್ಧ ಸೋರೆಕಾಯಿ, ಎಲ್ಲವನ್ನೂ ಹಸಿಯಾಗಿಯೇ ಮಿಕ್ಸಿಗೆ ಹಾಕಿ, ಬಿಳಿ ಬಟ್ಟೆಯಲ್ಲಿ ಹಿಂಡಿ, ಚರಟವನ್ನು ಕಸದ ಬುಟ್ಟಿಗೆ ಸುರಿದರು. ಐದು ತಿಂಗಳ ಬಸುರಿ ಸೊಸೆ ಮೂಗು ಹಿಡಿದುಕೊಂಡು ಆ ರಸವನ್ನು ಕುಡಿಯುತ್ತಿದ್ದಳು. ಮಗು ಚುರುಕಾಗುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದಾರಂತೆ. ಮಗುವಿನ ಅಪ್ಪನಿಗೂ ಒಂದು ಲೋಟ ಕೊಡಿ ಎಂದೆ. ಅವನಿಗೆ ಪಾಲಕ್ ವಾಸನೆ ಆಗುವುದಿಲ್ಲವಂತೆ!

ಬುಟ್ಟಿಗೆ ಬಿದ್ದದ್ದೇ ನಾರು. ಕಬ್ಬಿಣದ ಮಾತ್ರೆ ನುಂಗುವ ಬಸುರಿಯರಲ್ಲಿ ಎಷ್ಟೋ ಮಂದಿಗೆ ಮಲಬದ್ಧತೆ ಕಾಡುತ್ತದೆ. ಅವರಿಗೆ ಬೇಕಾದ ನಾರನ್ನು ಹಿಂಡಿ ಎಸೆದು, ಸಂಜೆ ಅದೇ ಹುಡುಗಿಗೆ ಮಲಬದ್ಧತೆಗೆಂದು ಇಸಬ್ಗೋಲ್ ಎಂಬ ನಾರಿನ ಪುಡಿ ಕೊಡುತ್ತಾರೆ. ಈ ಬುದ್ಧಿವಂತಿಕೆಗೆ ಏನೆನ್ನಲಿ?

ಇನ್ನು ಹಸಿಯಾಗಿ ಕುಡಿಯುವ ಹುಚ್ಚು. ಸೊಪ್ಪಿನ ಬುಡದಲ್ಲಿ ಮಣ್ಣಿರುತ್ತದೆ, ಗೊಬ್ಬರವಿರುತ್ತದೆ, ಹುಳಕ್ಕೆ ಹೊಡೆದ ಔಷಧಿಯ ಶೇಷವೂ ಇರಬಹುದು. ಬೆಳೆಯುವವಳೇ ಹೇಳುತ್ತಿದ್ದೇನೆ, ನಂಬಿ. ಸರಿಯಾಗಿ ತೊಳೆಯದ ಹಸಿ ಸೊಪ್ಪಿನಿಂದ ಬರುವ ಲಿಸ್ಟೀರಿಯಾ, ಟೊಕ್ಸೊಪ್ಲಾಸ್ಮಾ ಸೋಂಕುಗಳು ಹೊಟ್ಟೆಯಲ್ಲಿರುವ ಮಗುವಿಗೇ ಅಪಾಯ ತರಬಲ್ಲವು. ಸೋರೆಕಾಯಿ ಕಹಿಯಾಗಿದ್ದರೆ ಅದರ ರಸ ವಾಂತಿ, ರಕ್ತಭೇದಿಗೆ ಎಳೆಯುತ್ತದೆ. ಕತ್ತರಿಸಿದ ಮೇಲೆ ಒಂದು ಚೂರು ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ನಮ್ಮ ಅತ್ತೆಗಿತ್ತು. ಮಿಕ್ಸಿಗೆ ನಾಲಿಗೆ ಎಲ್ಲಿದೆ?

'ಅತ್ತಿಗೆ, ಬೇಯಿಸಿದರೆ ಫೋಲೇಟ್ ಹೋಗುತ್ತದೆ' ಎಂದಳು ನಾದಿನಿ. ಫೋಲೇಟ್ ಎಂದರೆ ಸೊಪ್ಪಿನಲ್ಲಿರುವ ಒಂದು ಬಿ ಜೀವಸತ್ವ. ಹೋಗುತ್ತದೆ, ಒಪ್ಪಿದೆ. ಬಿಸಿಗೆ ಸ್ವಲ್ಪ ಕೆಡುತ್ತದೆ, ಇನ್ನಷ್ಟು ಬೇಯಿಸಿದ ನೀರಿಗೆ ಇಳಿಯುತ್ತದೆ. ಆದರೆ ಆ ನೀರನ್ನು ಚೆಲ್ಲುವವರು ಯಾರು? ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರಿಗೆ ಬಸ್ಸಾರು ಎಂದರೇನೆಂದು ಹೇಳಬೇಕೆ? ಬಸಿದ ಕಟ್ಟು ಸಾರಾಗುತ್ತದೆ, ಸೊಪ್ಪು ಕಾಳು ಪಲ್ಯವಾಗುತ್ತವೆ, ಪಕ್ಕದಲ್ಲಿ ರಾಗಿ ಮುದ್ದೆ ಕೂರುತ್ತದೆ. ನಾರೂ ಉಳಿಯಿತು, ನೀರೂ ಉಳಿಯಿತು. ಅದೂ ಅಲ್ಲದೆ, ಫೋಲೇಟ್ ಮುಖ್ಯವಾಗಿ ಬೇಕಾಗುವುದು ಮಗುವಿನ ಮಿದುಳು, ಬೆನ್ನುಹುರಿಯಾಗುವ ನರನಾಳಕ್ಕೆ, ಅದು ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ. ಅದಕ್ಕೇ ಫೋಲೇಟಿನ ಮಾತ್ರೆಯ ರೂಪವಾದ ಫೋಲಿಕ್ ಆಮ್ಲವನ್ನು ಅಷ್ಟು ಬೇಗ ಶುರು ಮಾಡುವುದು. ನಾಲ್ಕನೇ ತಿಂಗಳಿಂದ ಸರ್ಕಾರವೇ ಉಚಿತವಾಗಿ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಆ ಹುಡುಗಿಯ ಮಾತ್ರೆಯ ಪಟ್ಟಿಗಳು ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಿವೆ. ರಸ ಕುಡಿಯುತ್ತಿದ್ದಾಳಲ್ಲ, ಮಾತ್ರೆ ಯಾಕೆ ಎಂಬ ವಾದ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇಕಡಾ 52.2 ಮಂದಿಗೆ ರಕ್ತಹೀನತೆ. ಇಂಥ ದೇಶದಲ್ಲಿ ಈ ಸಂಭ್ರಮ.

ಒಂದು ಗುಟ್ಟು ಹೇಳಲೇ? ನನಗೆ ಸೊಪ್ಪೆಂದರೆ ಅಷ್ಟಕ್ಕಷ್ಟೆ. ಬಿತ್ತಿ, ಕಿತ್ತು, ಕಟ್ಟು ಕಟ್ಟಿ ಬೇಸತ್ತಿದ್ದೇನೆ. ಬಸುರಿಯಾಗಿದ್ದಾಗ ನನಗೆ ಬಯಕೆ ಇದ್ದದ್ದು ಸುಟ್ಟ ಕಡಲೆಕಾಯಿಯ ಮೇಲೆ. ಹೀಗಾಗಿ ಸೊಪ್ಪಿನ ಪರ ನಿಂತು ಜಗಳವಾಡುವುದು ನನಗೇ ವಿಚಿತ್ರವಾಗಿ ಕಾಣುತ್ತಿದೆ.

ಕುಡಿಯಲೇಬೇಕೆಂಬ ಹಟವಿದ್ದರೆ ಹೀಗೆ ಮಾಡಿ. ನುಗ್ಗೆ ಸೊಪ್ಪನ್ನೋ ದಂಟನ್ನೋ ಮೂರ್ನಾಲ್ಕು ನೀರಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಬೇಯಿಸಿ, ಆರಿದ ಮೇಲೆ ಅದೇ ನೀರಿನಲ್ಲಿ ನುಣ್ಣಗೆ ರುಬ್ಬಿ. ಶೋಧಿಸಬೇಡಿ. ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿ ಆಗಲೇ ಕುಡಿಯಿರಿ. ನಿಂಬೆಯ ಸಿ ಜೀವಸತ್ವ ಸೊಪ್ಪಿನ ಕಬ್ಬಿಣ ಮೈಗೆ ಹಿಡಿಯುವಂತೆ ಮಾಡುತ್ತದೆ, ಹಿಂದೆಯೇ ಕುಡಿಯುವ ಕಾಫಿ ಚಹಾ ಅದನ್ನು ಕೆಡಿಸುತ್ತವೆ. ದಿನವೂ ಪಾಲಕ್ಕೇ ಏಕೆ? ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಅದರದೇ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಮೈಗೆ ಹಿಡಿಯಲು ಬಿಡುವುದಿಲ್ಲ.

ಸೊಪ್ಪು ಒಣಗಿಸಿ ಮಾಡಿದ ಹಸಿರು ಪುಡಿಯ ಡಬ್ಬಿ ತರಿಸಿಕೊಳ್ಳಲೇ ಎಂದು ಯಾರೂ ನನ್ನನ್ನು ಕೇಳಬೇಡಿ. ಅದಕ್ಕೆ ಬೈಯಲು ಬೇರೆ ಬರಹವೇ ಬೇಕು. ಬೆಳಗಿನ ಜಾವ ಮಾರುಕಟ್ಟೆಗೆ ಮೆಂತ್ಯ ಹೊರಡಿಸಬೇಕು, ಮಲಗುತ್ತೇನೆ.