ಅಂಗಾಲಿನ ಕಪ್ಪು ಮಚ್ಚೆಗೆ ಕಾಚಂಪುಳಿ ಮದ್ದಲ್ಲ

ಕೊಡಗಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಅಂಗಾಲಿನ ಕಪ್ಪು ಮಚ್ಚೆಗೆ ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿ) ಹಚ್ಚಿದರೆ ಸಾಕು, ಬಯಾಪ್ಸಿ (ತುಣುಕು ತೆಗೆದು ಮಾಡುವ ಪರೀಕ್ಷೆ) ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ, ಲಿವರ್‌ಗೆ ಹೋದರೆ ಕಥೆ ಮುಗೀತು ಅಂತ. ಮೂರೂ ತಪ್ಪು.

ಕಾಚಂಪುಳಿ ಪಂದಿಕರಿಗೆ ಇರಲಿ. ಅದರ ಹುಳಿಗೆ ಚರ್ಮ ಸುಟ್ಟೀತು, ಒಳಗೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇದ್ದರೆ ಅದು ಹಾಗೇ ಬೆಳೆಯುತ್ತದೆ. ಬಯಾಪ್ಸಿಯಿಂದ ಅದು ಹರಡುವುದಿಲ್ಲ, ಬಯಾಪ್ಸಿ ಇಲ್ಲದೆ ರೋಗ ಖಚಿತವಾಗುವುದೂ ಇಲ್ಲ. ಹರಡಿದೆಯಾ ಎಂದು ನೋಡಲು ಸಿಟಿ ಅಥವಾ ಪೆಟ್ ಸ್ಕ್ಯಾನ್, ಮಿದುಳಿಗೆ ಎಂಆರ್‌ಐ. ಗಡ್ಡೆಯ ತುಣುಕಿನಲ್ಲೇ ಬಿಆರ್‌ಎಎಫ್ ಜೀನ್ ಬದಲಾಗಿದೆಯಾ ಅಂತಲೂ ಪರೀಕ್ಷಿಸುತ್ತಾರೆ. ಬದಲಾಗಿದ್ದರೆ ಅದಕ್ಕೆಂದೇ ಮಾತ್ರೆಗಳಿವೆ.

'ಕಥೆ ಮುಗೀತು' ಅನ್ನೋದು 2011ಕ್ಕೆ ಮೊದಲು ಹೆಚ್ಚುಕಡಿಮೆ ನಿಜವೇ ಆಗಿತ್ತು. ಆಮೇಲೆ, ನಮ್ಮ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಇಮ್ಯುನೊಥೆರಪಿ ಬಂತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ ಮೆಲನೋಮಾ ಲಿವರ್‌ಗೂ ಮಿದುಳಿಗೂ ಹರಡಿತ್ತು. ಆಪರೇಷನ್, ರೇಡಿಯೇಷನ್, ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿ ಮೂರೂ ಆದವು. ಅವರು ತೀರಿಕೊಂಡದ್ದು 2024ರಲ್ಲಿ, 100ನೇ ವಯಸ್ಸಿನಲ್ಲಿ. ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಇಂಥವೇ ಔಷಧಿಗಳಾದ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಒಟ್ಟಿಗೆ ಕೊಟ್ಟ ದೊಡ್ಡ ಅಧ್ಯಯನವೊಂದರಲ್ಲಿ 10 ವರ್ಷದ ನಂತರವೂ ಬದುಕಿದ್ದವರು ಸುಮಾರು ಶೇ 43. ಅಂಗಾಲಿನ ಮೆಲನೋಮಾ ಈ ಔಷಧಿಗಳಿಗೆ ಸ್ವಲ್ಪ ಕಡಿಮೆ ಬಗ್ಗುತ್ತದೆ. ಖರ್ಚೂ ಜಾಸ್ತಿ.

ನಮ್ಮ ದೇಶದಲ್ಲಿ ಮೆಲನೋಮಾ ಹೆಚ್ಚಾಗಿ ಕಾಣುವುದು ಅಂಗಾಲು, ಅಂಗೈ, ಉಗುರಿನ ಕೆಳಗೆ. ತೋಟದಲ್ಲಿ ಓಡಾಡುವವರು ಜಿಗಣೆ ಕಚ್ಚಿದ್ದು, ಕಲ್ಲು ತಾಗಿದ್ದು ಅಂತ ಸುಮ್ನೆ ಬಿಡುತ್ತಾರೆ, ಅಲ್ವಾ? ಉಗುರಿನಡಿ ಏಟಿಗೆ ಕಪ್ಪಾದ ಕಲೆ ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತದೆ. ಸರಿಯದೆ ಅಗಲವಾಗುತ್ತಾ ಹೋದರೆ ಚರ್ಮದ ಡಾಕ್ಟರಿಗೆ ತೋರಿಸಿ. ಆ ಮೆಸೇಜ್ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.