ಗೇಟಿನೊಳಗೆ ಕಲಿಸಿದ್ದು ಊರಿಗೂ ತಲುಪಲಿ

ತೋರಣಗಲ್ಲು, ಗಿಣಿಗೇರಾ, ಶಕ್ತಿನಗರ, ಹಟ್ಟಿ. ನಮ್ಮ ಕಲ್ಯಾಣ ಕರ್ನಾಟಕದ ಕಾರ್ಖಾನೆ, ಗಣಿಗಳ ಮಾತು ಬಂದರೆ ಚರ್ಚೆ ಧೂಳು ಮತ್ತು ನೌಕರಿ ಈ ಎರಡರಲ್ಲೇ ಮುಗಿಯುತ್ತದೆ. ಎರಡೂ ದೊಡ್ಡ ವಿಷಯಗಳೇ. ಆದರೆ ಎಚ್‌ಆರ್ (ಸಿಬ್ಬಂದಿ) ವಿಭಾಗ ವರ್ಷಪೂರ್ತಿ ನಡೆಸುವ ತರಬೇತಿ ಕೊನೆಗೆ ಯಾರ ಕೈ ಸೇರುತ್ತದೆ ಎಂದು ಕೇಳುವವರು ಕಡಿಮೆ. ಕೇಳಬೇಕು.

2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ನಮಗೆ ಸರ್ಕಾರಿ ನೌಕರಿ ಮತ್ತು ಸೀಟುಗಳಲ್ಲಿ ಮೀಸಲಾತಿ ಕೊಟ್ಟಿತು. ಖಾಸಗಿ ಕಾರ್ಖಾನೆಗೆ ಅದು ಅನ್ವಯಿಸದು. ಅಲ್ಲಿಗೆ ನಮ್ಮ ಹುಡುಗರಿಗಿರುವ ಒಳ್ಳೆಯ ದಾರಿ ಅಪ್ರೆಂಟಿಸ್‌ಶಿಪ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ, 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಗುತ್ತಿಗೆಯವರನ್ನೂ ಲೆಕ್ಕಕ್ಕೆ ಹಿಡಿದು ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಸಾವಿರ ಜನರಿದ್ದರೆ ಕನಿಷ್ಠ 25. ಕೆಡುವುದು ಎಲ್ಲಿ ಅಂದರೆ, ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗುವ ಮೊದಲೇ ಹುಡುಗನನ್ನು ಕೆಲಸಕ್ಕೆ ಹಚ್ಚುತ್ತಾರೆ. ನೋಂದಣಿ ಇಲ್ಲದಿದ್ದರೆ ವರ್ಷ ದುಡಿದರೂ ಟ್ರೇಡ್ ಪರೀಕ್ಷೆಗೆ ಕೂರುವಂತಿಲ್ಲ. ಇನ್ನೊಂದು ಕಡೆ, ಐಟಿಐ ಫಿಟ್ಟರ್ ಮುಗಿಸಿದವನನ್ನು ಸ್ಟೋರಿನಲ್ಲಿ ಬೋಲ್ಟ್ ಎಣಿಸಲು ಕೂರಿಸಿದರೆ ಬೇರಿಂಗ್ ಬದಲಿಸುವುದನ್ನು, ಶಾಫ್ಟ್ ಅಲೈನ್‌ಮೆಂಟ್ ಮಾಡುವುದನ್ನು ಅವನು ಕಲಿಯುವುದು ಯಾವಾಗ? ತಿಂಗಳಿಗೊಮ್ಮೆ ಅವನ ಲಾಗ್‌ಬುಕ್ ತೆರೆದು, ಯಾವ ಯಂತ್ರದ ಮೇಲೆ ಏನು ಮಾಡಿದೆ ಎಂದು ಎಚ್‌ಆರ್‌ನವರು ಕೇಳಲೇಬೇಕು.

ಗುತ್ತಿಗೆ ಕಾರ್ಮಿಕರ ಪಾಡು ಇನ್ನೂ ಕಷ್ಟ. ಗುತ್ತಿಗೆದಾರ ಬದಲಾದ ಕೂಡಲೇ ತರಬೇತಿಯ ದಾಖಲೆಯೂ ಅವನೊಂದಿಗೆ ಹೋಗುತ್ತದೆ. ಕೆಲಸಗಾರ ಮತ್ತೆ ಹೆಲ್ಪರ್ ಕೂಲಿಗೇ ನಿಲ್ಲಬೇಕು. ಪರಿಹಾರ ಸರಳ: ಕೌಶಲದ ಕಾರ್ಡು ಕಾರ್ಮಿಕನ ಕೈಯಲ್ಲೇ ಇರಲಿ. ಅದರಲ್ಲಿ ಬರೀ ‘ವೆಲ್ಡರ್’ ಎಂದಿದ್ದರೆ ಉಪಯೋಗವಿಲ್ಲ. ‘ಮೈಲ್ಡ್ ಸ್ಟೀಲ್ ಪ್ಲೇಟ್, 12 ಮಿ.ಮೀ., 3ಜಿ, ಪರೀಕ್ಷೆಯ ದಿನಾಂಕ’ ಎಂದಿರಬೇಕು. 3ಜಿ ಅಂದರೆ ನಿಲ್ಲಿಸಿದ ಪ್ಲೇಟಿಗೆ ಲಂಬವಾಗಿ ಹಾಕುವ ಬೆಸುಗೆ. ಓರೆಯಾಗಿ, ಅಲುಗದಂತೆ ಕಟ್ಟಿದ ಪೈಪಿನ ಸುತ್ತ ಹಾಕುವ 6ಜಿ ಬಂದವನಿಗೆ ಯಾವ ಊರಲ್ಲೂ ಕೆಲಸಕ್ಕೆ ಬರವಿಲ್ಲ.

ಇನ್ನು ಗೇಟ್‌ಪಾಸಿಗೆ ಮೊದಲಿನ ಸೇಫ್ಟಿ ತರಗತಿ. ಪರದೆಯ ಮೇಲೆ ಇಂಗ್ಲಿಷ್ ಸ್ಲೈಡ್ ಓಡಿಸಿ, ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡರೆ ಯಾರ ತಲೆಗೂ ಏನೂ ಇಳಿಯದು. 15–20 ಜನರ ಗುಂಪು, ಕನ್ನಡದಲ್ಲಿ. ಮಾಡಿ ತೋರಿಸಿ, ಅವರಿಂದ ಮಾಡಿಸಿ, ‘ಯಾಕೆ ಹಿಂಗ ಮಾಡಿದಿ?’ ಎಂದು ಕೇಳಿ, ಉತ್ತರ ಅವರ ಬಾಯಿಂದಲೇ ಹೇಳಿಸಿ.

ಟ್ಯಾಂಕು, ಗುಂಡಿಗೆ ಇಳಿಯುವ ಪಾಠವನ್ನೇ ನೋಡಿ. ಗ್ಯಾಸ್ ಮೀಟರನ್ನು ಹಗ್ಗ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಇಳಿಬಿಟ್ಟು ಅಳೆಯಬೇಕು. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ಇದ್ದರೆ ಇಳಿಯುವಂತಿಲ್ಲ. ಇಳಿಯುವವನ ಮೈಗೆ ಹಾರ್ನೆಸ್ (ಹಗ್ಗ ಕಟ್ಟುವ ಸುರಕ್ಷತಾ ಪಟ್ಟಿ), ಹೊರಗೆ ಹಗ್ಗ ಹಿಡಿದ ಕಾವಲಿನವ. ಒಳಗಿನವ ಬಿದ್ದರೆ ಕಾವಲಿನವ ಹಗ್ಗದಿಂದ ಎಳೆಯಬೇಕೇ ಹೊರತು ತಾನು ಹಾರಬಾರದು. ಕುಲುಮೆಯ ಅನಿಲದಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಮಲಗುಂಡಿಯ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಏರಿದಾಗ ಮೂಗೇ ಮರಗಟ್ಟುತ್ತದೆ. ಊರಿನಲ್ಲಿ ಒಬ್ಬನನ್ನು ಉಳಿಸಲು ಹೋಗಿ ಇನ್ನಿಬ್ಬರು ಸಾಯುವುದು ಇದು ಗೊತ್ತಿಲ್ಲದೆ. ಮಲಗುಂಡಿಗೆ ರಕ್ಷಣೆ ಇಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ ಅಪರಾಧ, ಸಕ್ಕಿಂಗ್ ಮಷಿನ್ನೇ ತರಿಸಬೇಕು. ಈ ಮಾತನ್ನು ಓಣಿಯಲ್ಲಿ ನಿಂತು ಧೈರ್ಯವಾಗಿ ಹೇಳಬಲ್ಲವನು ಕಾರ್ಖಾನೆಯಲ್ಲಿ ಅದನ್ನು ಸರಿಯಾಗಿ ಕಲಿತು ಬಂದವನು.

ದುಡ್ಡಿನ ಪ್ರಶ್ನೆ ಬರುತ್ತದೆ. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ಹಣವನ್ನು ಕಂಪನಿ ತನ್ನ ನೌಕರರಿಗಷ್ಟೇ ಖರ್ಚು ಮಾಡುವಂತಿಲ್ಲ. ಆದರೆ ಸುತ್ತಲಿನ ಊರವರಿಗೆ ಉದ್ಯೋಗ ಕೌಶಲ ಕಲಿಸಲು ಬಳಸಬಹುದು, ಸ್ಥಳೀಯರಿಗೆ ಆದ್ಯತೆ ಕೊಡಿ ಎಂದು ಕಂಪನಿ ಕಾಯ್ದೆಯ 135ನೇ ಕಲಮೇ ಹೇಳುತ್ತದೆ. ಹಾಗಾಗಿ ನೌಕರರಿಗೊಂದು, ಊರವರಿಗೊಂದು ಎಂದು ಲೆಕ್ಕ ಎರಡು ಇಡಿ, ತರಬೇತುದಾರರು ಮತ್ತು ಶೆಡ್ಡು ಅವೇ ಸಾಕು. ರಜೆಯ ದಿನ ಅದೇ ಶೆಡ್ಡಿನಲ್ಲಿ ಗಂಗಾವತಿಯ ರೈಸ್‌ಮಿಲ್ಲಿನವರಿಗೆ, ರಾಯಚೂರಿನ ಜಿನ್ನಿಂಗ್ ಮಿಲ್ಲಿನವರಿಗೆ ಬೀಗದ ಪದ್ಧತಿ ಕಲಿಸಬಹುದು: ಬೆಲ್ಟಿಗೆ ಕೈ ಹಾಕುವ ಮುನ್ನ ಮೇನ್ ಸ್ವಿಚ್ ಆಫ್, ಅದಕ್ಕೆ ತನ್ನದೇ ಬೀಗ, ಕೀಲಿ ತನ್ನ ಜೇಬಿನಲ್ಲಿ, ಆಮೇಲೆ ಸ್ಟಾರ್ಟ್ ಒತ್ತಿ ಯಂತ್ರ ತಿರುಗುವುದಿಲ್ಲ ಎಂದು ಖಾತ್ರಿ. ಇಬ್ಬರು ದುರಸ್ತಿ ಮಾಡುತ್ತಿದ್ದರೆ ಬೀಗವೂ ಎರಡು.

ಮೊದಲ ಬ್ಯಾಚಿಗೆ ಪಂಚಾಯಿತಿಯ ವಾಟರ್‌ಮ್ಯಾನ್‌ಗಳನ್ನು ಕರೆಯಿರಿ. ಮೋಟರ್, ಸ್ಟಾರ್ಟರ್, ನೀರಿನ ಟ್ಯಾಂಕು ಮೂರರ ಜೊತೆಗೂ ದಿನಾ ಕೆಲಸ ಮಾಡುವವರು ಅವರೇ.